ಕದ್ದವನು ಮತ್ತು ಕಳ್ಳ: ಶುಭ ಶುಕ್ರವಾರದ ಒಂದು ಪದವನ್ನು ಕುರಿತು

ಕಳೆದ ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆಯಲ್ಲಿ ಶಿಲುಬೆಯ ಎರಡನೆಯ ಮಾತನ್ನು ಕುರಿತು ಪ್ರಸಂಗಿಸುವ ಹೊಣೆ ನಮ್ಮ ಪಾಲಿಗೆ ಬಂದಿತ್ತು. ಹಲಸೂರಿಗೆ ಹೊಂದಿಕೊಂಡಿರುವ ಜೋಗುಪಾಳ್ಯದ ಒಂದು ಚಿಕ್ಕ ಸಭೆ ಅದು. ಸೇರಿದವರು ಐವತ್ತಕ್ಕೆ ಮೀರಿರಲಾರರು. ಪರದೈಸಿಗೆ ಹೋದ ಕಳ್ಳ ಎಂಬ ತಲೆಬರಹವನ್ನು ನಾವೇ ಆರಿಸಿಕೊಂಡಿದ್ದೆವು. ಕಳ್ಳನ ಪಾಪ, ಕಳ್ಳನ ಪಶ್ಚಾತ್ತಾಪ, ಕಳ್ಳನ ಪ್ರಾರ್ಥನೆ, ಕಳ್ಳನಿಗೆ ದೊರೆತ ವಾಗ್ದಾನ ಎಂದು ನಾಲ್ಕು ಭಾಗಗಳಾಗಿ ಪ್ರಸಂಗವನ್ನು ಕಟ್ಟಿದ್ದೆವು. ಮೂರನೆಯ ಭಾಗದಲ್ಲಿದ್ದಾಗ ಮಧ್ಯದ ಸಾಲಿನಿಂದ ಒಬ್ಬ ತಾಯಿ ಎದ್ದು ಹೊರಗೆ ನಡೆದರು. ಅವರ ಪಕ್ಕದಲ್ಲಿ ಕುಳಿತಿದ್ದ ಮಗ ತಲೆ ತಗ್ಗಿಸಿಕೊಂಡು ಅಲ್ಲೇ ಉಳಿದನು. ಕಟ್ಟಡ ಕಾಮಗಾರಿಯ ಸ್ಥಳವೊಂದರಿಂದ ತಾಮ್ರದ ತಂತಿಯನ್ನು ಕದ್ದು, ತಪ್ಪನ್ನು ಒಪ್ಪಿಕೊಂಡು, ಸೆರೆಮನೆಯ ಅವಧಿಯನ್ನು ಮುಗಿಸಿ, ಲೆಂಟ್ ಕಾಲದ ಆರಂಭದಲ್ಲಿ ಮನೆಗೆ ಬಂದವನು ಅವನು. ಇದು ನಮಗೆ ಮೊದಲೇ ತಿಳಿದಿತ್ತು. ತಿಳಿದಿದ್ದೂ ಪ್ರಸಂಗವನ್ನು ಬರೆಯುವಾಗ ನೆನಪಿಗೆ ಬರಲಿಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಲೇಸು. ಮನೆಗೆ ಮರಳಿ ಹಸ್ತಪ್ರತಿಯನ್ನು ತೆಗೆದು ಎಣಿಸಿದಾಗ ಇಪ್ಪತ್ತು ನಿಮಿಷದ ಆ ಪ್ರಸಂಗದಲ್ಲಿ ಕಳ್ಳ ಎಂಬ ಪದ ೩೧ ಬಾರಿ ಬಂದಿತ್ತು.

ಈಸ್ಟರ್ ಕಳೆದ ಮೇಲೆ ಆ ತಾಯಿಯನ್ನು ಕಾಣಲು ಹೋದೆವು. ಅವರು ಕೋಪಗೊಂಡಿರಲಿಲ್ಲ. "ಕದ್ದಿದ್ದಾನೆ ಅಯ್ಯಾ, ಇಲ್ಲ ಅನ್ನೋದಿಲ್ಲ. ಅದಕ್ಕೆ ಕಳ್ಳ ಕಳ್ಳ ಅಂತಾನೇ ಕರೀಬೇಕಾ?" ಎಂದಷ್ಟೇ ಕೇಳಿದರು. ಆ ಬೀದಿಯಲ್ಲಿ ಅವರ ಮಗನನ್ನು ಕರೆಯಲು ಪದಗಳಿಗೇನೂ ಕೊರತೆಯಿಲ್ಲ. ಹಲಸೂರಿನ ಸುತ್ತಲಿನ ಪಾಳ್ಯಗಳಲ್ಲಿ ತಮಿಳಿನ ತಿರುಡನ್, ತೆಲುಗಿನ ದೊಂಗ, ದಖನಿ ಉರ್ದುವಿನ ಚೋರ್ ಇವೆಲ್ಲವೂ ಒಂದೇ ನಲ್ಲಿಯ ಬಳಿ ಕೇಳಿಬರುತ್ತವೆ. ಹೊಸ ಪದವನ್ನು ಸಭೆಯೇನೂ ಒದಗಿಸಬೇಕಾಗಿರಲಿಲ್ಲ.

ಆ ತಾಯಿಯ ಮಾತಿನಲ್ಲಿ ಒಂದು ವ್ಯಾಕರಣ ಸೂಕ್ಷ್ಮವಿದೆ. ಕನ್ನಡದಲ್ಲಿ ಕದ್ದವನು ಮತ್ತು ಕಳ್ಳ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಕಳ್ ಎಂಬ ಹಳೆಯ ಧಾತುವಿನ ಭೂತರೂಪ ಕಳ್ದು, ಅದು ಸವೆದು ಕದ್ದು ಆಯಿತು. ಅದೇ ಧಾತುವಿನಿಂದ ಕಳವು ಮತ್ತು ಕಳ್ಳ ಎಂಬ ನಾಮಪದಗಳೂ ಬಂದವು. ಒಡಹುಟ್ಟಿದ ಈ ಎರಡು ಪದಗಳ ನಡುವಿನ ಅಂತರ ಕಾಲದ್ದು. ಕದ್ದವನು ಎಂಬಲ್ಲಿ ಕ್ರಿಯಾಪದ ಇನ್ನೂ ಜೀವಂತವಾಗಿದೆ: ಒಂದು ದಿನ, ಒಂದು ವಸ್ತು, ಒಂದು ಕೈ, ಆ ದಿನಕ್ಕೆ ಮುಂಚಿನ ಬದುಕು ಮತ್ತು ಅನಂತರದ ಬದುಕು. ಕಳ್ಳ ಎಂಬಲ್ಲಿ ಕಾಲವೇ ಇಲ್ಲ. ಕದ್ದವನು ನಾಳೆ ಕದಿಯದೆ ಇರಬಹುದು; ಆದರೆ ಕಳ್ಳನು ನಿದ್ರೆಯಲ್ಲಿಯೂ ಕಳ್ಳನೇ. ಈ ಪದ ವಿಶೇಷಣವಾದಾಗಲಂತೂ ಕದಿಯುವ ಕ್ರಿಯೆಯೇ ಕರಗಿ ಹೋಗುತ್ತದೆ. ಕಳ್ಳನೋಟನ್ನು ಯಾರೂ ಕದ್ದಿರುವುದಿಲ್ಲ. ಕಳ್ಳಭಟ್ಟಿ, ಕಳ್ಳದಾರಿ, ಕಳ್ಳಸಂತೆ, ಮೈಗಳ್ಳ ಇವುಗಳಲ್ಲಿ ಉಳಿದಿರುವುದು ಹುಸಿತನ, ಮರೆ, ನಂಬಲಾಗದ ಗುಣ ಮಾತ್ರ. (ತಾಯಂದಿರು ಕೂಸನ್ನು ಮುದ್ದಿನಿಂದ ಕಳ್ಳ ಎನ್ನುವುದುಂಟು, ಭಕ್ತರು ಕೃಷ್ಣನನ್ನು ಬೆಣ್ಣೆಗಳ್ಳ ಎನ್ನುವುದೂ ಉಂಟು. ಆದರೆ ಮುದ್ದಿಗೆ ಆ ಪದ ಒದಗುವುದು ಆರೋಪದ ಭಯವಿಲ್ಲದ ಮನೆಯಲ್ಲಿ.)

ಇನ್ನು ಗ್ರಂಥಪಾಠಕ್ಕೆ ಬರೋಣ. ನಮ್ಮ ತಲೆಬರಹದ ತಪ್ಪು ಅಲ್ಲಿಯೇ ಹೊರಬೀಳುತ್ತದೆ. ಎರಡನೆಯ ಮಾತು ಇರುವುದು ಲೂಕನ ಸುವಾರ್ತೆಯ ೨೩ನೆಯ ಅಧ್ಯಾಯದಲ್ಲಿ ಮಾತ್ರ. ಅಲ್ಲಿ ಲೂಕನು ಯೇಸುವಿನೊಂದಿಗೆ ಶಿಲುಬೆಗೇರಿದ ಇಬ್ಬರನ್ನೂ ಒಮ್ಮೆಯೂ ಕಳ್ಳರೆಂದು ಕರೆಯುವುದಿಲ್ಲ. ಅವನ ಪದ ಕಾಕೂರ್ಗೋಸ್: ಕೆಟ್ಟದ್ದನ್ನು ಮಾಡಿದವನು, ದುಷ್ಕರ್ಮಿ. ನಮ್ಮ ಸತ್ಯವೇದವೂ ಲೂಕನಲ್ಲಿ ಈ ಅರ್ಥವನ್ನೇ ಉಳಿಸಿಕೊಂಡಿದೆ. ಕಳ್ಳ ಎಂಬ ಪದವನ್ನು ನಾವು ಮತ್ತಾಯ ಮಾರ್ಕರಿಂದ ಎರವಲು ತಂದು ಲೂಕನ ದೃಶ್ಯಕ್ಕೆ ಅಂಟಿಸಿದ್ದೇವೆ. ಆ ಇಬ್ಬರೂ ಸುವಾರ್ತಿಕರೂ ಬಳಸುವ ಮೂಲ ಪದವಾದರೋ ಲೇಸ್ಟೇಸ್. ಗ್ರೀಕಿನಲ್ಲಿ ಕದ್ದುಮುಚ್ಚಿ ತೆಗೆಯುವವನು ಕ್ಲೆಪ್ಟೇಸ್, ಬಲಪ್ರಯೋಗದಿಂದ ಕಿತ್ತುಕೊಳ್ಳುವವನು ಲೇಸ್ಟೇಸ್. ಯೋಹಾನನು ೧೦ನೆಯ ಅಧ್ಯಾಯದ ಮೊದಲ ವಚನದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಎಣಿಸಿ ಜೊತೆಯಾಗಿ ಇಡುತ್ತಾನೆ. ಯೆಹೂದಿ ಇತಿಹಾಸಕಾರ ಜೋಸೆಫಸನು ರೋಮಿನ ವಿರುದ್ಧ ಎದ್ದ ಗುಂಪುಗಳಿಗೂ ಈ ಲೇಸ್ಟೇಸ್ ಪದವನ್ನೇ ಧಾರಾಳವಾಗಿ ಬಳಸಿದನು. ಬರಬ್ಬನಿಗೆ ಯೋಹಾನನು ಕೊಟ್ಟ ಹೆಸರು ಇದೇ. ಮಾರ್ಕನು ಅವನನ್ನು ದಂಗೆಯೊಂದಿಗೆ ಜೋಡಿಸುತ್ತಾನೆ. ಗೆತ್ಸೇಮನೆಯಲ್ಲಿ ತನ್ನನ್ನು ಹಿಡಿಯಬಂದವರನ್ನು ಪ್ರಶ್ನಿಸುವಾಗ ಯೇಸು ಆಡಿದ ಪದವೂ ಇದೇ. ರೋಮನ್ ಕಾನೂನಿನಲ್ಲಿ ಸಾಮಾನ್ಯ ಕಳವು ಖಾಸಗಿ ವ್ಯಾಜ್ಯದ ವಿಷಯ. ಕದ್ದವನು ಎರಡರಷ್ಟು, ಕೈಯಲ್ಲಿ ಮಾಲಿನೊಂದಿಗೆ ಸಿಕ್ಕಿಬಿದ್ದರೆ ನಾಲ್ಕರಷ್ಟು ತೆರಬೇಕಾಗಿತ್ತು. ಶಿಲುಬೆ ಇದ್ದದ್ದು ದಾಸರಿಗೆ, ದರೋಡೆಕೋರರಿಗೆ, ದಂಗೆಕೋರರಿಗೆ. ಗೊಲ್ಗೊಥದಲ್ಲಿ ಕಿಸೆಗಳ್ಳರು ಇದ್ದಿರುವ ಸಂಭವ ಬಹಳ ಕಡಿಮೆ.

ಈ ಗೊಂದಲ ಕನ್ನಡದ್ದು ಮಾತ್ರವಲ್ಲ. ೧೬೧೧ರ ಇಂಗ್ಲಿಷ್ ಭಾಷಾಂತರವೇ ಮತ್ತಾಯನ ಲೇಸ್ಟೇಸ್ ಪದಕ್ಕೆ ಕಳ್ಳ ಎಂಬರ್ಥದ ಪದವನ್ನು ಹಾಕಿತ್ತು. ೧೮೮೧ರ ಪರಿಷ್ಕರಣದಲ್ಲಿ ಅದನ್ನು ದರೋಡೆಗಾರರೆಂದು ತಿದ್ದಿದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಕನ್ನಡಕ್ಕೆ ಸತ್ಯವೇದವನ್ನು ತಂದಾಗ ಇಂಗ್ಲಿಷ್ ಸಭೆಗಳ ಕಿವಿಯಲ್ಲಿ ನೆಲೆಸಿದ್ದುದು ಹಳೆಯ ರೂಢಿಯೇ. ನಮ್ಮ ಸತ್ಯವೇದದಲ್ಲಿ ದೇವಾಲಯ ಕಳ್ಳರ ಗವಿಯಾಯಿತು, ಯೆರಿಕೋವಿನ ದಾರಿಯ ಪ್ರಯಾಣಿಕ ಕಳ್ಳರ ಕೈಗೆ ಸಿಕ್ಕಿದನು, ಶಿಲುಬೆಯ ಎಡಬಲದಲ್ಲಿ ಕಳ್ಳರು ನಿಂತರು. ಮೂರು ಕಡೆಯೂ ಮೂಲದಲ್ಲಿರುವುದು ಲೇಸ್ಟೇಸ್. ಇದರ ಪರಿಣಾಮ ಸಣ್ಣದಲ್ಲ. ಯೆರೆಮೀಯನ ೭ನೆಯ ಅಧ್ಯಾಯದಲ್ಲಿ ಆಲಯವನ್ನು ಗವಿಗೆ ಹೋಲಿಸಿದಾಗ ಪ್ರವಾದಿಯ ಹೀಬ್ರೂ ಪದ ಹಿಂಸಾಚಾರಿಗಳನ್ನು ಸೂಚಿಸುತ್ತದೆ. ಗವಿಯಲ್ಲಿ ದರೋಡೆ ನಡೆಯುವುದಿಲ್ಲ. ಹೊರಗೆ ದೋಚಿ ಬಂದವರು ಸುರಕ್ಷಿತವಾಗಿ ಅಡಗುವ ತಾಣ ಅದು. ವಿಧವೆಯರನ್ನೂ ಪರದೇಶಿಗಳನ್ನೂ ಸುಲಿದು ಬಂದು ಆಲಯದೊಳಗೆ ನಿಂತು ನಾವು ಸುರಕ್ಷಿತರು ಎನ್ನುವ ಗಣ್ಯರ ಮೇಲೆ ಆ ಮಾತು ಬಿದ್ದಿತ್ತು. ಕಳ್ಳರ ಗವಿ ಎಂದೊಡನೆ ನಮ್ಮ ಸಭಿಕರ ಕಣ್ಣ ಮುಂದೆ ಬರುವುದು ಮಾತ್ರ ಚಪ್ಪಲಿ ಕದಿಯುವವನು.

ಹಾಗಾದರೆ ಹೊಸ ಒಡಂಬಡಿಕೆಯಲ್ಲಿ ನಿಜವಾದ ಅರ್ಥದಲ್ಲಿ ಕಳ್ಳನೆಂಬ ಹೆಸರು ಯಾರಿಗೆ ಬಿದ್ದಿದೆ? ಹನ್ನೆರಡು ಮಂದಿಯಲ್ಲಿ ಒಬ್ಬನಿಗೆ. ಯೋಹಾನ ೧೨ರಲ್ಲಿ ಯೂದನನ್ನು ಕ್ಲೆಪ್ಟೇಸ್ ಎನ್ನಲಾಗಿದೆ, ಅವನ ಕೈಯಲ್ಲಿ ಹಣದ ಚೀಲವಿತ್ತು. ಬಡವರ ಹೆಸರು ಹೇಳಿ ಲೆಕ್ಕ ಬರೆಯುತ್ತಿದ್ದ ಖಜಾಂಚಿ ಅವನು. ಇದಕ್ಕಿಂತ ಬೆರಗಿನ ಸಂಗತಿ, ಅದೇ ಪದ ಕರ್ತನ ಬರುವಿಕೆಗೂ ಹೋಲಿಕೆಯಾಗಿ ನಿಂತಿದೆ: ಮತ್ತಾಯ ೨೪ರಲ್ಲಿ, ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ, ಪ್ರಕಟಣೆಯಲ್ಲಿ ಎರಡು ಬಾರಿ. ಖಜಾಂಚಿ ಮತ್ತು ಕರ್ತನ ದಿನ ಇವೆರಡಕ್ಕೂ ಸಲ್ಲಿಸಿದ ಪದವನ್ನು ಲೂಕನು ಶಿಲುಬೆಯ ಮೇಲಿದ್ದವನಿಗೆ ಸಲ್ಲಿಸಲಿಲ್ಲ.

ಆ ಮನುಷ್ಯನು ತನ್ನ ಬಗ್ಗೆ ತಾನು ಆಡಿದ ಮಾತನ್ನು ಮೂಲದಲ್ಲಿ ನೋಡಬೇಕು. ನಾನು ಇಂಥವನು ಎಂದು ಅವನು ಹೇಳುವುದಿಲ್ಲ. ತಾವು ಮಾಡಿದ್ದಕ್ಕೆ ತಕ್ಕದ್ದನ್ನು ಪಡೆಯುತ್ತಿದ್ದೇವೆಂದು ಹೇಳುತ್ತಾನೆ; ಅಲ್ಲಿರುವುದು ಭೂತಕಾಲದ ಕ್ರಿಯಾಪದ. ತಪ್ಪೊಪ್ಪಿಗೆ ಎಂದರೆ ಇದೇ. ನಾನು ಕಳ್ಳ ಎಂಬ ವಾಕ್ಯದಲ್ಲಿ ಒಪ್ಪಿಗೆಗಿಂತ ಹತಾಶೆಯೇ ಹೆಚ್ಚು; ನಾನು ಕದ್ದೆ ಎಂಬ ವಾಕ್ಯಕ್ಕೆ ಮಾತ್ರ ಯಾರಿಂದ, ಏನನ್ನು, ಈಗ ಏನು ಮಾಡಬೇಕು ಎಂಬ ಪ್ರಶ್ನೆಗಳು ಅಂಟಿಕೊಂಡು ಬರುತ್ತವೆ. ಜಕ್ಕಾಯನಲ್ಲಿಯೂ ಹೀಗೆಯೇ. ಗುಂಪು ಅವನಿಗೆ ಪಾಪಿ ಎಂಬ ನಾಮಪದವನ್ನು ಕೊಟ್ಟಿತು. ಅವನು ಕ್ರಿಯಾಪದದಲ್ಲಿ ಉತ್ತರಿಸಿ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಯೇಸು ಅವನಿಗೆ ಅಬ್ರಹಾಮನ ಮಗನೆಂಬ ಬೇರೊಂದು ನಾಮಪದವನ್ನು ಕೊಟ್ಟನು. ಎಫೆಸದವರಿಗೆ ಬರೆದ ಪತ್ರಿಕೆಯ ೪ನೆಯ ಅಧ್ಯಾಯದ ೨೮ನೆಯ ವಚನದಲ್ಲಿ ಇನ್ನು ಮೇಲೆ ಕದಿಯದಿರಲಿ ಎಂಬ ಬುದ್ಧಿವಾದ ಯಾರಿಗೆ ಹೇಳಿದ್ದೋ ಅವನನ್ನು ಪತ್ರಿಕೆಯು ಕ್ಲೆಪ್ಟೇಸ್ ಎಂಬ ಸಿದ್ಧ ಪದದಿಂದ ಕರೆಯದೆ, ಹೋ ಕ್ಲೆಪ್ಟೋನ್ ಎಂಬ ಕೃದಂತದಿಂದ ಕರೆಯುತ್ತದೆ: ಕದಿಯುತ್ತಿರುವವನು. ಕೃದಂತಕ್ಕೆ ಕಾಲವಿದೆ, ಆದ್ದರಿಂದ ಅದು ಮುಗಿಯಬಲ್ಲದು. ವಾಕ್ಯದ ಕೊನೆಗೆ ಅದೇ ಕೈ ದುಡಿದು ಕೊರತೆಯಲ್ಲಿರುವವನಿಗೆ ಕೊಡುವ ಕೈಯಾಗುತ್ತದೆ. ಇಂಥ ಕೃದಂತ ನಾಮಗಳನ್ನು ಕಟ್ಟುವುದು ಕನ್ನಡದಷ್ಟು ಸುಲಭವಾಗಿ ಎಷ್ಟು ಭಾಷೆಗಳಿಗೆ ಸಾಧ್ಯ? ಕದ್ದವನು, ಕದಿಯುವವನು, ಕದಿಯದವನು ಎಂಬ ಮೂರೂ ನಮ್ಮ ನಾಲಗೆಯಲ್ಲಿ ಸಿದ್ಧವಾಗಿವೆ. ಹೀಗಿದ್ದೂ ಪ್ರಸಂಗಪೀಠದಲ್ಲಿ ನಾವು ಕಳ್ಳನನ್ನೇ ಆರಿಸಿಕೊಂಡೆವು.

ಇದು ಬರಿಯ ಶಬ್ದಚರ್ಚೆಯೆಂದು ಯಾರಾದರೂ ಹೇಳುವುದಾದರೆ ಅವರಿಗೆ ೧೮೭೧ನೆಯ ವರ್ಷವನ್ನು ನೆನಪಿಸಬೇಕು. ಆ ವರ್ಷ ಬ್ರಿಟಿಷ್ ಸರ್ಕಾರ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಕದ್ದವನಿಗಾಗಿ ಕಾಯದೆ ಕಳ್ಳನನ್ನು ಹುಟ್ಟಿನಿಂದಲೇ ಗುರುತಿಸಿತು. ೧೯೧೧ರ ಹೊತ್ತಿಗೆ ಅದು ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. ಕನ್ನಡ ನಾಡಿನಲ್ಲಿ ಹುಬ್ಬಳ್ಳಿಯ, ಗದಗ-ಬೆಟಗೇರಿಯ ಸೆಟ್ಲಮೆಂಟುಗಳ ಹೆಸರು ಬಡಾವಣೆಗಳ ಹೆಸರಾಗಿ ಇಂದಿಗೂ ಉಳಿದಿದೆ. ಬೇಲಿಯೊಳಗೆ ಹಾಜರಿ ಕೊಡುತ್ತಿದ್ದವರ ಮೊಮ್ಮಕ್ಕಳು ಅಲ್ಲಿ ವಾಸಿಸುತ್ತಾರೆ. ತಮಿಳುನಾಡಿನ ಕಳ್ಳರ್ ಸಮುದಾಯಕ್ಕಂತೂ ಜಾತಿಯ ಹೆಸರೇ ಆರೋಪಪಟ್ಟಿಯಾಯಿತು. ಸಭೆ ಈ ಕಥೆಯ ಹೊರಗೆ ನಿಂತಿರಲಿಲ್ಲ. ಸಾಲ್ವೇಷನ್ ಆರ್ಮಿ ಭಾರತದ ಹಲವೆಡೆ ಇಂಥ ಸೆಟ್ಲಮೆಂಟುಗಳನ್ನು ಸರ್ಕಾರದ ಪರವಾಗಿ ನಡೆಸಿತು. ಅದರ ನಾಯಕ ಫ್ರೆಡರಿಕ್ ಬೂತ್-ಟಕ್ಕರ್ ಈ ಕಾರ್ಯವನ್ನು ಕುರಿತು ಬರೆದ ಪುಸ್ತಕಕ್ಕೆ ಕ್ರಿಮಿನೊಕ್ಯೂರಾಲಜಿ ಎಂಬ ಹೆಸರಿಟ್ಟು, ಆ ಜನರನ್ನು ಚುಟುಕಾಗಿ ಕ್ರಿಮ್ ಎಂದು ಕರೆದನು. ಕನ್ನಡದ ಕಿವಿಗೆ ಆ ಪದ ಎಷ್ಟು ಹೇಸಿಗೆಯದಾಗಿ ಕೇಳಿಸುತ್ತದೆಂಬುದು ಅವನಿಗೆ ತಿಳಿದಿರಲಿಕ್ಕಿಲ್ಲ. ಆತನಲ್ಲಿ ಕರುಣೆ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ; ಮಗ್ಗ, ಬೇಸಾಯ, ಶಾಲೆ ಎಲ್ಲವನ್ನೂ ಅವರು ಕೊಟ್ಟರು. ಆದರೆ ಕರುಣೆಯೂ ಅದೇ ನಾಮಪದವನ್ನು ನಂಬಿಕೊಂಡಿತ್ತು. ಗುಣಪಡಿಸುವುದಕ್ಕೆ ಮೊದಲು ಅವರನ್ನು ರೋಗವಾಗಿಸಬೇಕಾಗಿತ್ತು. ಕಾಯಿದೆ ೧೯೫೨ರಲ್ಲಿ ರದ್ದಾಯಿತು. ಅದರ ನೆರಳು ಸೆರೆಮನೆಗಳ ದಾಖಲೆಗಳಲ್ಲಿ ಉಳಿದಿದ್ದುದನ್ನು ಸರ್ವೋಚ್ಚ ನ್ಯಾಯಾಲಯ ೨೦೨೪ರ ಅಕ್ಟೋಬರಿನಲ್ಲಿಯೂ ತಿದ್ದಬೇಕಾಯಿತು.

ಇನ್ನೊಂದು ಬಗೆಯ ಕಳವಿಗೆ ನಮ್ಮ ಭಾಷೆ ಎಷ್ಟು ಸೌಜನ್ಯ ತೋರುತ್ತದೆ ನೋಡಿ. ಕೆರೆಯಂಗಳ ಒತ್ತುವರಿಯಾಗುತ್ತದೆ, ನಿಧಿ ದುರ್ಬಳಕೆಯಾಗುತ್ತದೆ, ಲೆಕ್ಕದಲ್ಲಿ ಅವ್ಯವಹಾರ ಕಂಡುಬರುತ್ತದೆ. ಕರ್ತೃವೇ ಇಲ್ಲದ ವಾಕ್ಯಗಳು ಇವು. ಕೆರೆ ತನ್ನನ್ನು ತಾನೇ ಒತ್ತಿಕೊಂಡಂತೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ೨೦೧೧ರ ಜುಲೈನಲ್ಲಿ ಸಲ್ಲಿಸಿದ ವರದಿ ಬೊಕ್ಕಸಕ್ಕಾದ ನಷ್ಟವನ್ನು ೧೬,೦೦೦ ಕೋಟಿ ರೂಪಾಯಿಗೂ ಮಿಗಿಲೆಂದು ಅಂದಾಜಿಸಿತು, ಮತ್ತು ಆ ಅದಿರು ಹೋದದ್ದು ನಮ್ಮ ಸತ್ಯವೇದ ಕನ್ನಡವಾದ ಬಳ್ಳಾರಿಯ ಸೀಮೆಯಿಂದಲೇ. ಅದಕ್ಕೆ ಪತ್ರಿಕೆಗಳು ಕೊಟ್ಟ ಹೆಸರು ಅಕ್ರಮ ಗಣಿಗಾರಿಕೆ. ತಂತಿ ಕದ್ದವನು ಕಳ್ಳ, ಬೆಟ್ಟ ಕದ್ದದ್ದು ಅಕ್ರಮ. ನಮ್ಮ ಸಭೆಗಳ ಆಸ್ತಿಗಳು ಕೈಬದಲಾದಾಗಲೂ ಸಮಿತಿಯ ನಡಾವಳಿಯಲ್ಲಿ ಕಳವು ಎಂಬ ಪದ ಬರೆಯಲ್ಪಟ್ಟುದನ್ನು ನಾವು ಇದುವರೆಗೆ ಕಂಡಿಲ್ಲ. ಯೂದನ ಚೀಲದ ವಚನ ನಮ್ಮ ಪಾಠಪಟ್ಟಿಯಲ್ಲಿ ಪ್ರತಿವರ್ಷ ಬರುತ್ತದೆ.

ಕನ್ನಡ ಪರಂಪರೆಯಲ್ಲಿ ಬೇರೆ ದಾರಿಯೂ ಇದೆ. ಬಸವಣ್ಣನವರ ಪ್ರಸಿದ್ಧ ವಚನದ ಏಳು ನಿಷೇಧಗಳಲ್ಲಿ ಮೊದಲನೆಯದು ಕಳವಿನದು, ಕೊನೆಯದು ಇದಿರಿನವರನ್ನು ಹಳಿಯುವುದರದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲಾಗಿದೆ. ಅದೇ ಶರಣರ ಸಾಲಿನಲ್ಲಿ ಕನ್ನದ ಮಾರಿತಂದೆ ಎಂಬ ವಚನಕಾರನಿದ್ದಾನೆ. ಗೋಡೆ ಕೊರೆದು ಒಳನುಗ್ಗುವುದು ಕನ್ನ. ಅವನ ಹಿಂದಿನ ಕಾಯಕ ಅವನ ಹೆಸರಿನಲ್ಲಿಯೇ ನಿಂತಿದೆ. ಬೆಟ್ಟದ ಪ್ರಸಂಗದಲ್ಲಿ ಕಳ್ಳರ ಕೆಲಸವನ್ನು ಹೇಳುವಾಗ ನಮ್ಮ ಸತ್ಯವೇದವೂ ಈ ಪದವನ್ನೇ ಬಳಸಿದೆ, ಗ್ರೀಕ್ ಮೂಲದ ತೋಡಿ ಹೊಗುವ ಕ್ರಿಯೆಗೆ ಇದಕ್ಕಿಂತ ನಿಖರವಾದ ಪದ ಸಿಗದು. ಆದರೆ ಮಾರಿತಂದೆಯ ಹೆಸರು ನಮ್ಮ ವಾದಕ್ಕೆ ತೊಡಕಾಗುತ್ತದೆ. ಹಳೆಯ ಕಸುಬನ್ನು ಹೆಸರಿನಲ್ಲಿ ಉಳಿಸಿಕೊಂಡೂ ಅವನು ಶರಣನಾದನಲ್ಲ? ಹೌದು, ಆದರೆ ಕನ್ನ ಎಂಬುದು ಕೃತ್ಯದ ಹೆಸರು, ಮತ್ತು ಅದರ ಪಕ್ಕದಲ್ಲಿ ತಂದೆ ಎಂಬ ಗೌರವವನ್ನು ಇಟ್ಟವರು ಅವನ ಜೊತೆ ಊಟಕ್ಕೆ ಕುಳಿತವರು. ಹೊರಗಿನವರು ಅಂಟಿಸಿದ ಹೆಸರಿಗೂ ಒಳಗಿನವರು ಹೊತ್ತುಕೊಂಡ ಹೆಸರಿಗೂ ಇರುವ ಅಂತರ ಇದು.

ಹೊಸಗನ್ನಡದಲ್ಲಿ ದೇವನೂರ ಮಹಾದೇವರ ಒಡಲಾಳವನ್ನು ಗುರುಮಠದ ವಿದ್ಯಾರ್ಥಿಗಳು ಓದಲೇಬೇಕು. ತನ್ನ ಕಳೆದುಹೋದ ಹುಂಜವನ್ನು ಹುಡುಕುತ್ತ ಶಪಿಸುವ ಸಾಕವ್ವನ ಮನೆಗೇ ಎತ್ತಪ್ಪನ ಕಡಲೆಕಾಯಿ ಮೂಟೆ ಬಂದು ಸೇರುತ್ತದೆ. ಇಡೀ ಕುಟುಂಬ ರಾತ್ರಿಯಲ್ಲಿ ಸುತ್ತ ಕುಳಿತು ತಿಂದು ಮುಗಿಸುತ್ತದೆ. ಬಳಿಕ ಪೊಲೀಸರು ಶೋಧಕ್ಕೆ ಬರುತ್ತಾರೆ. ಕಳೆದುಕೊಂಡವಳೂ ಕದ್ದದ್ದನ್ನು ಉಂಡವಳೂ ಒಬ್ಬಳೇ. ಹಸಿದು ಕದ್ದವನನ್ನು ಜನರು ತಿರಸ್ಕರಿಸುವುದಿಲ್ಲ, ಆದರೂ ಅವನು ಏಳರಷ್ಟು ತೆರಬೇಕು ಎಂಬ ಜ್ಞಾನೋಕ್ತಿ ೬ರ ಮಾತಿನ ಎರಡೂ ಮಗ್ಗುಲುಗಳನ್ನು ಇಷ್ಟು ತೂಕವಾಗಿ ಹಿಡಿದ ಪ್ರಸಂಗವನ್ನು ನಾವು ಯಾವ ಪೀಠದಿಂದಲೂ ಕೇಳಿಲ್ಲ.

ಒಂದು ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ವಯಸ್ಸಾದ ವಿಧವೆಯೊಬ್ಬರ ಕೊರಳ ಸರವನ್ನು ಬೈಕಿನಲ್ಲಿ ಬಂದವರು ಹರಿದೊಯ್ದಿದ್ದರು. ಗಾಯದ ಗುರುತು ಇನ್ನೂ ಇದೆ. ಅವರ ಮುಂದೆ ಕೃದಂತ ನಾಮಪದಗಳ ಪಾಠ ಹೇಳುವ ಧೈರ್ಯ ನಮಗಿಲ್ಲ. ಕಳೆದುಕೊಂಡವರು ಕಳ್ಳ ಎಂದು ಕೂಗಿದರೆ ಆ ಕೂಗು ನೋವಿನದು, ಸಹಾಯ ಬೇಡುವುದು. ಕೀರ್ತನೆಗಳಲ್ಲಿ ಇದಕ್ಕಿಂತ ಕಠಿಣವಾದ ಕೂಗುಗಳಿವೆ. ಪದದ ಮೇಲೆ ಅವರಿಗಿರುವ ಹಕ್ಕು ಏನನ್ನೂ ಕಳೆದುಕೊಳ್ಳದ ಪ್ರಸಂಗಕಾರನಿಗೆ ಇಲ್ಲ. ಅಷ್ಟೇ ಅಲ್ಲ, ಧರ್ಮಶಾಸ್ತ್ರದ ಗಮನವೆಲ್ಲ ಆ ವಿಧವೆಯ ಕಡೆಗೇ ಇದೆ. ವಿಮೋಚನಕಾಂಡ ೨೨ರಲ್ಲಿ ಕುರಿಗೆ ನಾಲ್ಕು, ಎತ್ತಿಗೆ ಐದು, ಜೀವಂತವಾಗಿ ಸಿಕ್ಕರೆ ಎರಡರಷ್ಟು ಎಂದು ವಿಧಿಸಿರುವುದು ಕದ್ದವನನ್ನು ಹೆಸರಿಸುವುದಕ್ಕಾಗಿ ಅಲ್ಲ, ಕಳೆದುಕೊಂಡವನ ಕೈಗೆ ಮರಳಿಸುವುದಕ್ಕಾಗಿ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೦೩ನೆಯ ಕಲಮಿನಲ್ಲಿಯೂ ಇದರ ಒಂದು ಸಣ್ಣ ಪ್ರತಿಧ್ವನಿಯಿದೆ: ೫,೦೦೦ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿಗೆ ಕದ್ದು, ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದವನಿಗೆ ಸಮುದಾಯ ಸೇವೆಯ ಶಿಕ್ಷೆ. ನಮ್ಮ ಸಭೆಗಳು ಆ ಸೇವೆಗೆ ಸ್ಥಳ ಒದಗಿಸಲು ಮುಂದೆ ಬರಬಹುದಲ್ಲವೆ? ಕಳ್ಳನಿಗೆ ಒಂದು ಪ್ರಸಂಗ ಮೀಸಲಿಡುವ ನಾವು ಕದ್ದವನಿಗೆ ಒಂದು ಪೊರಕೆಯನ್ನು ಕೊಡಲು ಹಿಂಜರಿಯುತ್ತೇವೆ; ಉಂಡೆಹುಂಡಿಯ ಕೋಣೆಯ ಬೀಗ ನೆನಪಾಗುತ್ತದೆ.

ಮುಂದಿನ ಶುಭ ಶುಕ್ರವಾರದ ಕರಪತ್ರ ಈ ವಾರ ಅಚ್ಚಿಗೆ ಹೋಗಬೇಕು. ಎರಡನೆಯ ಮಾತಿನ ಎದುರಿನ ತಲೆಬರಹವನ್ನು ಶಿಲುಬೆಯ ಮೇಲಿದ್ದ ಇನ್ನೊಬ್ಬನು ಎಂದು ಬದಲಿಸಿದ್ದೇವೆ. ಅಚ್ಚಿನವನು ಹಳೆಯ ಪ್ರತಿಯನ್ನು ನೋಡಿ, ಇಲ್ಲೊಂದು ಪದ ಬಿಟ್ಟುಹೋಗಿದೆಯೆಂದು ಫೋನು ಮಾಡಿದನು. ಬಿಟ್ಟದ್ದು ಬೇಕೆಂದೇ ಎಂದು ಹೇಳಿದೆವು. ಆ ದಿನ ಲೂಕ ೨೩ನ್ನು ಓದಲು ಆ ತಾಯಿಯ ಮಗನನ್ನು ಕೇಳಿದ್ದೇವೆ, ಯೋಚಿಸಿ ಹೇಳುತ್ತೇನೆಂದಿದ್ದಾನೆ.